ಶೈಲಾಕನಿಗೆ ದೀಕ್ಷಾಸ್ನಾನವಾದ ಮೇಲೆ

ಮಹಾಕವಿಯೊಬ್ಬನ ನಾಟಕವನ್ನು ನೇರವಾಗಿ ಓದಿ ಸವಿಯುವುದು ಒಂದು ಬಗೆಯ ಸುಖ. ಆ ನಾಟಕವನ್ನು ಬೇರೊಬ್ಬರು ಕಥೆಯಾಗಿ ಮತ್ತೆ ಹೇಳಿದ್ದನ್ನು, ತಿದ್ದಿ ಹೇಳಿದ್ದನ್ನು, ಕವಿ ನಿಲ್ಲಿಸಿದಲ್ಲಿಂದ ಮುಂದಕ್ಕೆ ಬೆಳೆಸಿದ್ದನ್ನು, ಅಥವಾ ಅದರ ಕುರಿತು ಚರ್ಚಿಸಿ ಬರೆದ ಗ್ರಂಥಗಳನ್ನು ಓದಿ ಸವಿಯುವುದು ಇನ್ನೊಂದು ಬಗೆಯ ಸುಖ. ಈ ಎರಡನೆಯದರ ಬಗ್ಗೆ ಗಂಭೀರ ಓದುಗರಲ್ಲಿ ಕೊಂಚ ತಾತ್ಸಾರವಿದೆ. ಕಬ್ಬೇ ಕೈಯಲ್ಲಿರುವಾಗ ಸಿಪ್ಪೆಯನ್ನೇಕೆ ಅಗಿಯಬೇಕು ಎಂಬುದು ಅವರ ಪ್ರಶ್ನೆ. ನೀತಿಯ ಕಡೆಯಿಂದ ನೋಡುವವರ ಆಕ್ಷೇಪಣೆ ಇನ್ನೂ ತೀಕ್ಷ್ಣವಾದದ್ದು. ಕವಿ ಕೊಂದವರನ್ನು ಬದುಕಿಸುವುದಕ್ಕೆ, ಕವಿ ದುಷ್ಟನೆಂದು ತೋರಿಸಿದವನಿಗೆ ವಕಾಲತ್ತು ವಹಿಸುವುದಕ್ಕೆ ನಾವು ಯಾರು? ಹಾಗೆ ಮಾಡಿದ ಕೃತಿಯನ್ನು ಓದಿ ನಾವು ಪಡುವ ಆನಂದ ಪ್ರಾಮಾಣಿಕವಾದ ಆನಂದವೇ, ಅಥವಾ ಕಹಿಸತ್ಯದಿಂದ ಮುಖ ತಿರುಗಿಸುವ ಒಂದು ಉಪಾಯವೇ? ವಿಲಿಯಂ ಷೇಕ್ಸ್‌ಪಿಯರನ ನಾಟಕಗಳ ಸುತ್ತ ನಾನೂರು ವರ್ಷಗಳಿಂದ ಬೆಳೆದಿರುವ ಮರುಕಥನಗಳ ಕಾಡಿನಲ್ಲಿ ಅಲೆದಾಡಿದವರಿಗೆ ಈ ಪ್ರಶ್ನೆ ಎಂದಾದರೊಂದು ದಿನ ಎದುರಾಗಿಯೇ ತೀರುತ್ತದೆ.

ಕನ್ನಡ ಓದುಗರಿಗೆ ಮರುಕಥನವೆಂಬುದು ಅಪರಿಚಿತವಾದ ಸಂಗತಿಯೇನೂ ಅಲ್ಲ. ನಮ್ಮ ಸಾಹಿತ್ಯದ ದೊಡ್ಡ ಕಾವ್ಯಗಳಲ್ಲಿ ಹಲವು ಮತ್ತೆ ಹೇಳಿದ ಕಥೆಗಳೇ. ನಾಗಚಂದ್ರನ ‘ರಾಮಚಂದ್ರಚರಿತ ಪುರಾಣ’ದಲ್ಲಿ ರಾವಣನ ಮನಸ್ಸು ಸೀತೆಯ ದೃಢತೆಯನ್ನು ಕಂಡು ಮರುಗುತ್ತದೆ, ಆತ ಪಶ್ಚಾತ್ತಾಪದ ಹೊಸ್ತಿಲವರೆಗೆ ಬಂದು, ಅಭಿಮಾನ ಬಿಡಲಾರದೆ ಅಲ್ಲೇ ಬೀಳುತ್ತಾನೆ. ಆ ರಾವಣನಲ್ಲಿ ಬಿ.ಎಂ. ಶ್ರೀಕಂಠಯ್ಯನವರು ದುರಂತ ನಾಯಕನನ್ನು ಗುರುತಿಸಿದರು. ಕುವೆಂಪು ಅವರು ಹ್ಯಾಮ್ಲೆಟ್ಟನ ಕಥೆಯನ್ನು ಬಿದನೂರಿನ ಇತಿಹಾಸದೊಳಕ್ಕೆ ತಂದು ‘ರಕ್ತಾಕ್ಷಿ’ಯನ್ನು ಬರೆದರು. ಇವನ್ನೆಲ್ಲ ನಾವು ಮೂಲಕ್ಕೆ ಬಗೆದ ದ್ರೋಹವೆಂದು ಎಣಿಸಲಿಲ್ಲ. ಹಾಗೆ ನೋಡಿದರೆ ಷೇಕ್ಸ್‌ಪಿಯರನೇ ಮರುಕಥನಕಾರ. ಆತನ ಲಿಯರ್ ಮಹಾರಾಜನಿಗಿಂತ ಮೊದಲೇ ಅದೇ ಕಥೆಯ ಇನ್ನೊಂದು ನಾಟಕ ಲಂಡನ್ನಿನ ರಂಗದ ಮೇಲಿತ್ತು, 1605ರಲ್ಲಿ ಅಚ್ಚೂ ಆಯಿತು. ಆ ಹಳೆಯ ನಾಟಕದ ಕೊನೆಯಲ್ಲಿ ರಾಜನಿಗೆ ಸಿಂಹಾಸನ ಮರಳಿ ದೊರೆಯುತ್ತದೆ, ಕಿರಿಯ ಮಗಳು ಬದುಕಿರುತ್ತಾಳೆ. ಮಗಳ ಶವವನ್ನು ಮುದುಕ ತಂದೆಯ ತೋಳುಗಳಲ್ಲಿ ಇಟ್ಟವನು ಷೇಕ್ಸ್‌ಪಿಯರ್.

ಕ್ರೈಸ್ತರಾದ ನಮಗಂತೂ ಒಂದೇ ಕಥೆಯನ್ನು ಹಲವು ಬಾಯಿಗಳಿಂದ ಕೇಳುವುದು ವಿಶ್ವಾಸದ ಭಾಗವೇ ಆಗಿದೆ. ಎರಡನೆಯ ಶತಮಾನದಲ್ಲಿ ತಾತಿಯಾನನೆಂಬ ಪಂಡಿತ ನಾಲ್ಕು ಶುಭಸಂದೇಶಗಳನ್ನು ಹೆಣೆದು ಒಂದೇ ಕಥನವಾಗಿಸಿದನು. ವ್ಯತ್ಯಾಸಗಳು ಮಾಯವಾದವು, ಓದಲು ಸುಗಮವಾಯಿತು. ಸಿರಿಯಾದ ಧರ್ಮಸಭೆಗಳಲ್ಲಿ ಅದು ಬಹುಕಾಲ ಬಳಕೆಯಲ್ಲಿಯೂ ಇತ್ತು. ಆದರೆ ಐದನೆಯ ಶತಮಾನದಲ್ಲಿ ಸಿರ್ ಪಟ್ಟಣದ ಧರ್ಮಾಧ್ಯಕ್ಷರಾಗಿದ್ದ ಥಿಯೊಡೊರೆಟರು ತಮ್ಮ ಧರ್ಮಕ್ಷೇತ್ರದಲ್ಲಿ ಆ ಗ್ರಂಥದ ಇನ್ನೂರಕ್ಕೂ ಹೆಚ್ಚು ಪ್ರತಿಗಳನ್ನು ಹಿಂತೆಗೆದುಕೊಂಡು, ಅವುಗಳ ಜಾಗದಲ್ಲಿ ಮತ್ತಾಯ, ಮಾರ್ಕ, ಲೂಕ, ಯೊವಾನ್ನರ ಬೇರೆ ಬೇರೆ ಶುಭಸಂದೇಶಗಳನ್ನೇ ಇರಿಸಿದರು. ಒಂದು ನಯವಾದ ಕಥೆಗಿಂತ, ಒಂದರೊಡನೊಂದು ಪೂರ್ತಿ ಹೊಂದದ ನಾಲ್ಕು ಸಾಕ್ಷ್ಯಗಳೇ ಲೇಸೆಂದು ಧರ್ಮಸಭೆ ಬಗೆಯಿತು. ಪ್ರಭು ಯೇಸುವಿನ ಸಾಮತಿಗಳಾದರೂ ಮುಂದಕ್ಕೆ ಹೇಳಲು ಅವಕಾಶವಿತ್ತೇ ನಿಲ್ಲುತ್ತವೆ. ದುಂದುಗಾರ ಮಗನ ಅಣ್ಣ ಹಬ್ಬದ ಮನೆಯೊಳಕ್ಕೆ ಹೋದನೇ ಇಲ್ಲವೇ ಎಂಬುದನ್ನು ಲೂಕನು ಬರೆಯಲಿಲ್ಲ. ಅಂಗಳದಲ್ಲಿ ನಿಂತಿರುವ ಆ ಅಣ್ಣನನ್ನು ಎಷ್ಟು ಮಂದಿ ಯಾಜಕರು ತಮ್ಮ ಪ್ರಬೋಧನೆಗಳಲ್ಲಿ ಒಳಕ್ಕೆ ಕರೆದೊಯ್ದಿದ್ದಾರೋ!

ಆದುದರಿಂದ ಮತ್ತೆ ಹೇಳುವ ಹಕ್ಕನ್ನು ಕುರಿತು ಹೆಚ್ಚು ವಾದಿಸಬೇಕಾಗಿಲ್ಲ. ಹೇಗೆ ಹೇಳುತ್ತಾರೆ, ಹೇಳುವಾಗ ಯಾರಿಗೆ ಏನಾಗುತ್ತದೆ ಎಂಬುದೇ ವಿಚಾರಣೀಯ. ಇದಕ್ಕೆ ನೇಹಮ್ ಟೇಟ್ ಎಂಬ ಕವಿಯ ಉದಾಹರಣೆಯನ್ನು ನೋಡಬಹುದು. ಷೇಕ್ಸ್‌ಪಿಯರನ ‘ಕಿಂಗ್ ಲಿಯರ್’ ನಾಟಕವನ್ನು ಆತ 1681ರಲ್ಲಿ ತಿದ್ದಿ ಬರೆದನು. ಅದರಲ್ಲಿ ಕಾರ್ಡೀಲಿಯ ಸಾಯುವುದಿಲ್ಲ, ಎಡ್ಗರನನ್ನು ಮದುವೆಯಾಗುತ್ತಾಳೆ. ಲಿಯರನಿಗೆ ರಾಜ್ಯ ಮರಳಿ ಬರುತ್ತದೆ. ಕಟುಸತ್ಯವನ್ನು ಹಾಸ್ಯದಲ್ಲಿ ಹೇಳುತ್ತಿದ್ದ ವಿದೂಷಕನನ್ನೇ ಟೇಟ್ ತೆಗೆದುಹಾಕಿದನು. ಇಂದು ಪಂಡಿತರು ಈ ತಿದ್ದುಪಡಿಯನ್ನು ನೆನೆದು ನಗುತ್ತಾರೆ. ಆದರೆ ಇಂಗ್ಲೆಂಡಿನ ಪ್ರೇಕ್ಷಕರು ಸುಮಾರು ಒಂದೂವರೆ ಶತಮಾನ ಕಾಲ ರಂಗದ ಮೇಲೆ ಕಂಡ ಲಿಯರ್ ಇದೇ. ಎಡ್ಮಂಡ್ ಕೀನ್ 1823ರಲ್ಲಿ ದುರಂತದ ಕೊನೆಯನ್ನು ಮರಳಿ ತಂದನು. ವಿದೂಷಕನೊಡನೆ ಮೂಲಪಾಠ ಹಿಂದಿರುಗಲು ಮೆಕ್ರೀಡಿಯ 1838ರ ಪ್ರಯೋಗದವರೆಗೆ ಕಾಯಬೇಕಾಯಿತು.

ಟೇಟನನ್ನು ಮೆಚ್ಚಿದವರೆಲ್ಲರೂ ಹಗುರ ಮನಸ್ಸಿನವರಾಗಿರಲಿಲ್ಲ. ಡಾಕ್ಟರ್ ಸಾಮ್ಯುಯೆಲ್ ಜಾನ್ಸನ್ ದೈವಭಕ್ತ, ಮರಣದ ವಿಷಯದಲ್ಲಿ ಆಳವಾಗಿ ಅಂಜಿದವನು. ಕಾರ್ಡೀಲಿಯಳ ಸಾವು ತನ್ನನ್ನು ಎಷ್ಟು ಘಾಸಿಗೊಳಿಸಿತೆಂದರೆ, ಸಂಪಾದಕನಾಗಿ ಓದಲೇಬೇಕಾಗಿ ಬರುವವರೆಗೂ ನಾಟಕದ ಕೊನೆಯ ದೃಶ್ಯಗಳನ್ನು ಮತ್ತೊಮ್ಮೆ ತೆರೆಯಲು ತನಗೆ ಸಾಧ್ಯವಾಗಲಿಲ್ಲವೆಂದು 1765ರ ತನ್ನ ಆವೃತ್ತಿಯಲ್ಲಿ ಆತ ಬರೆದಿದ್ದಾನೆ. ಇದನ್ನು ಓದಿ ನಗಲು ನನಗೆ ಮನಸ್ಸಾಗದು. ನಿರ್ದೋಷಿಯ ಸಾವನ್ನು ಸಹಿಸಲಾರದ ಹೃದಯ ಒಳ್ಳೆಯ ಹೃದಯವೇ. ಹಾಗಿದ್ದರೂ ಟೇಟ್ ಕೊಡುವ ಸಾಂತ್ವನದಲ್ಲಿ ಏನೋ ಕೊರತೆಯಿದೆ. ಪುನರುತ್ಥಾನದ ದಿನದ ಸಂಜೆ ಪ್ರಭು ಶಿಷ್ಯರ ನಡುವೆ ಬಂದು ನಿಂತಾಗ ಕೈಗಳಲ್ಲಿ ಮೊಳೆಯ ಗುರುತುಗಳು ಹಾಗೆಯೇ ಇದ್ದವು. ಎಂಟು ದಿನಗಳ ಮೇಲೆ ತೋಮನಿಗೆ ಅವನ್ನೇ ತೋರಿಸಿದರು. ಟೇಟನ ಪಾಸ್ಕಹಬ್ಬದಲ್ಲಿ ಅಂಥ ಗುರುತುಗಳಿಲ್ಲ, ಏಕೆಂದರೆ ಅದರ ಹಿಂದೆ ಶುಭಶುಕ್ರವಾರವೇ ಇಲ್ಲ.

ಇದಕ್ಕೆ ಎದುರಾಗಿ ಇಡಬೇಕಾದ ಪುಸ್ತಕ ಚಾರ್ಲ್ಸ್ ಮತ್ತು ಮೇರಿ ಲ್ಯಾಂಬ್ ಬರೆದ ‘ಟೇಲ್ಸ್ ಫ್ರಂ ಷೇಕ್ಸ್‌ಪಿಯರ್’. 1807ರಲ್ಲಿ ಮಕ್ಕಳಿಗಾಗಿ ಹೊರಬಂದ ಈ ಇಪ್ಪತ್ತು ಕಥೆಗಳನ್ನು ನಮ್ಮ ನಾಡಿನ ಶಾಲಾ ಕಾಲೇಜುಗಳಲ್ಲಿ ಇಂಗ್ಲಿಷ್ ಪಠ್ಯವಾಗಿ ಎಷ್ಟೋ ತಲೆಮಾರುಗಳು ಓದಿವೆ. ಷೇಕ್ಸ್‌ಪಿಯರ್ ಎಂದರೆ ಅನೇಕರಿಗೆ ಲ್ಯಾಂಬ್ ಎಂದೇ ಅರ್ಥ. ಪ್ರಸ್ತಾವನೆಯಲ್ಲಿ ಒಂದು ಸ್ವಾರಸ್ಯವಿದೆ. ಗಂಡುಮಕ್ಕಳಿಗೆ ತಂದೆಯ ಗ್ರಂಥಭಂಡಾರದ ಪ್ರವೇಶ ಬೇಗ ದೊರೆಯುತ್ತದೆ, ಹೆಣ್ಣುಮಕ್ಕಳಿಗೆ ತಡವಾಗುತ್ತದೆ. ಆದುದರಿಂದ ಈ ಪುಸ್ತಕ ಮುಖ್ಯವಾಗಿ ಹೆಣ್ಣುಮಕ್ಕಳಿಗೆ ಎಂದು ಅಲ್ಲಿ ಹೇಳಿದೆ. ಆದರೆ ಹದಿನಾಲ್ಕು ಕಥೆಗಳನ್ನು ಬರೆದ ಮೇರಿಯ ಹೆಸರೇ ಮೊದಲ ಮುದ್ರಣದ ಶೀರ್ಷಿಕೆ ಪುಟದಲ್ಲಿರಲಿಲ್ಲ. ಚಾರ್ಲ್ಸ್ ಬರೆದದ್ದು ಆರು, ಎಲ್ಲವೂ ದುರಂತ ಕಥೆಗಳು.

ಚಾರ್ಲ್ಸ್ ಹೇಳಿದ ಲಿಯರ್ ಕಥೆಯಲ್ಲಿ ಕಾರ್ಡೀಲಿಯ ಸೆರೆಮನೆಯಲ್ಲಿ ಸಾಯುತ್ತಾಳೆ. ಇದನ್ನು ತುಸು ಯೋಚಿಸಿ ನೋಡಬೇಕು. ಅದೇ ವರ್ಷಗಳಲ್ಲಿ ಲಂಡನ್ನಿನ ರಂಗಮಂದಿರಗಳಲ್ಲಿ ದೊಡ್ಡವರು ಹಣ ಕೊಟ್ಟು ಟೇಟನ ಸುಖಾಂತ್ಯವನ್ನು ನೋಡುತ್ತಿದ್ದರು. ಮಕ್ಕಳ ಪುಸ್ತಕದಲ್ಲಿ ಮಾತ್ರ ನಿರ್ದೋಷಿಯಾದ ಮಗಳು ಸಾಯುತ್ತಿದ್ದಳು. ಮಕ್ಕಳಿಗಾಗಿ ಮಾತನ್ನು ಸರಳಗೊಳಿಸಿದ ಚಾರ್ಲ್ಸ್ ಮರಣವನ್ನು ಸರಳಗೊಳಿಸಲಿಲ್ಲ.

ಅದಕ್ಕೆ ಕಾರಣ ಅವನ ಮನೆಯಲ್ಲೇ ಇತ್ತೆಂದು ತೋರುತ್ತದೆ. 1796ರ ಸೆಪ್ಟೆಂಬರ್ 22ರಂದು, ಹಗಲಿರುಳು ಹೊಲಿಗೆಯ ದುಡಿಮೆಯಲ್ಲೂ ರೋಗಿ ತಾಯಿಯ ಆರೈಕೆಯಲ್ಲೂ ಬಳಲಿದ್ದ ಮೇರಿ, ಚಿತ್ತಭ್ರಮೆಗೆ ಒಳಗಾಗಿ ಊಟದ ಮೇಜಿನ ಚಾಕುವಿನಿಂದ ತಾಯಿಯನ್ನು ಇರಿದು ಕೊಂದಳು. ಆಕೆಗೆ ಆಗ 31 ವರ್ಷ. ತಮ್ಮ ಚಾರ್ಲ್ಸನಿಗೆ 21. ಬುದ್ಧಿಸ್ವಾಧೀನವಿಲ್ಲದೆ ನಡೆದ ಕೃತ್ಯವೆಂದು ನ್ಯಾಯಮಂಡಲಿ ತೀರ್ಮಾನಿಸಿತು. ಅಕ್ಕನನ್ನು ಜೀವಮಾನವಿಡೀ ಹುಚ್ಚಾಸ್ಪತ್ರೆಯಲ್ಲಿ ಬಿಡಲು ಒಪ್ಪದೆ, ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಚಾರ್ಲ್ಸ್ ಆಕೆಯ ಹೊಣೆಯನ್ನು ಹೊತ್ತನು. ಮದುವೆಯಾಗಲಿಲ್ಲ. ಕಾಯಿಲೆ ಮರುಕಳಿಸುವ ಸೂಚನೆ ಕಂಡಾಗಲೆಲ್ಲ ಅಕ್ಕ ತಮ್ಮ ಇಬ್ಬರೂ ಕೈ ಹಿಡಿದುಕೊಂಡು, ಅಳುತ್ತಾ, ಹೊಲಗಳ ದಾರಿಯಲ್ಲಿ ಆಸ್ಪತ್ರೆಯ ಕಡೆಗೆ ನಡೆದು ಹೋಗುತ್ತಿದ್ದುದನ್ನು ಕಂಡವರಿದ್ದಾರೆ. ಗುಣವಾದ ಮೇಲೆ ಒಂದೇ ಮೇಜಿನ ಬಳಿ ಕುಳಿತು ಅವರು ಷೇಕ್ಸ್‌ಪಿಯರನನ್ನು ಮಕ್ಕಳಿಗೆ ಹೇಳುತ್ತಿದ್ದರು.

ಮೇರಿಯ ಪಾಲಿಗೆ ಬಂದ ಹದಿನಾಲ್ಕು ಕಥೆಗಳಲ್ಲಿ ‘ವೆನಿಸ್ಸಿನ ವರ್ತಕ’ವೂ ಒಂದು. ನ್ಯಾಯಸ್ಥಾನದಲ್ಲಿ ನಿಂತು ಪೋರ್ಷಿಯ ಕರುಣೆಯನ್ನು ಕುರಿತು ಆಡುವ ಮಾತುಗಳನ್ನು ಆಕೆ ಮಕ್ಕಳ ಭಾಷೆಗೆ ಇಳಿಸಬೇಕಾಗಿತ್ತು. ಕಾನೂನಿನ ಪ್ರಕಾರ ತನ್ನ ಗತಿ ಏನಾಗಬಹುದಿತ್ತು, ಏನಾಯಿತು, ಯಾರಿಂದ ಆಯಿತು ಎಂಬುದನ್ನು ಬಲ್ಲ ಹೆಂಗಸು ಅದನ್ನು ಬರೆದಳೆಂಬುದನ್ನು ತಿಳಿದ ಮೇಲೆ ಆ ಪುಟಗಳನ್ನು ಹಿಂದಿನಂತೆ ಓದಲು ಬರುವುದಿಲ್ಲ.

ನಾಟಕದ ಕಥೆ ಎಲ್ಲರಿಗೂ ಗೊತ್ತಿರುವಂಥದು. ಗೆಳೆಯ ಬಸಾನಿಯೊನಿಗಾಗಿ ಅಂಟೋನಿಯೊ ಯೆಹೂದ್ಯ ಲೇವಾದೇವಿಗಾರ ಶೈಲಾಕನಿಂದ 3000 ಡುಕಾಟುಗಳನ್ನು ಸಾಲ ತರುತ್ತಾನೆ. ತಪ್ಪಿದರೆ ಒಂದು ಪೌಂಡು ಮಾಂಸವೆಂದು ಕರಾರು. ಸಾಲ ತೀರುವುದಿಲ್ಲ. ಮಾಂಸ ಕೊಯ್ಯಬಹುದು, ಆದರೆ ಒಂದು ತೊಟ್ಟು ರಕ್ತವೂ ಬೀಳಕೂಡದೆಂದು ವಕೀಲನ ವೇಷದ ಪೋರ್ಷಿಯ ತೀರ್ಪು ಕೊಡುತ್ತಾಳೆ. ಅಲ್ಲಿಂದ ಮುಂದೆ ನಡೆಯುವುದನ್ನು ನಾವು ಅವಸರದಲ್ಲಿ ದಾಟಿಬಿಡುತ್ತೇವೆ. ಪರಕೀಯನೊಬ್ಬ ನಾಗರಿಕನ ಪ್ರಾಣಕ್ಕೆ ಹೊಂಚುಹಾಕಿದ ಅಪರಾಧಕ್ಕಾಗಿ ಶೈಲಾಕನ ಆಸ್ತಿಯಲ್ಲಿ ಅರ್ಧ ಅಂಟೋನಿಯೊನಿಗೂ ಇನ್ನರ್ಧ ರಾಜ್ಯಕ್ಕೂ ಸಲ್ಲಬೇಕಾಗುತ್ತದೆ, ಪ್ರಾಣ ಡ್ಯೂಕನ ಕೈಯಲ್ಲಿರುತ್ತದೆ. ಡ್ಯೂಕನು ಪ್ರಾಣವನ್ನು ಉಳಿಸುತ್ತಾನೆ. ಅಂಟೋನಿಯೊ ಷರತ್ತುಗಳನ್ನು ಹಾಕುತ್ತಾನೆ: ಆಸ್ತಿಯೆಲ್ಲ ಕೊನೆಗೆ ಓಡಿಹೋದ ಮಗಳು ಜೆಸ್ಸಿಕಳಿಗೂ ಅವಳ ಗಂಡ ಲೊರೆಂಜೊನಿಗೂ ಸೇರಬೇಕು, ಶೈಲಾಕನು ಕೂಡಲೇ ಕ್ರೈಸ್ತನಾಗಬೇಕು. ಒಪ್ಪದಿದ್ದರೆ ಕೊಟ್ಟ ಕ್ಷಮೆಯನ್ನು ಹಿಂತೆಗೆದುಕೊಳ್ಳುವುದಾಗಿ ಡ್ಯೂಕನು ಎಚ್ಚರಿಸುತ್ತಾನೆ. ಶೈಲಾಕ್ ಒಪ್ಪಿ, ಮೈಯಲ್ಲಿ ಹುಷಾರಿಲ್ಲವೆಂದು ಹೇಳಿ ಹೊರಟುಹೋಗುತ್ತಾನೆ. ಐದನೆಯ ಅಂಕದಲ್ಲಿ ಬೆಳದಿಂಗಳು, ಸಂಗೀತ, ಉಂಗುರಗಳ ವಿನೋದ. ಅವನು ಮತ್ತೆ ರಂಗದ ಮೇಲೆ ಬರುವುದಿಲ್ಲ.

ಈ ಕಥೆಯನ್ನು ಷೇಕ್ಸ್‌ಪಿಯರ್ ಪಡೆದುಕೊಂಡದ್ದು 1558ರಲ್ಲಿ ಅಚ್ಚಾದ ‘ಇಲ್ ಪೆಕೊರೊನೆ’ ಎಂಬ ಇಟಾಲಿಯನ್ ಕಥಾಸಂಕಲನದಿಂದ. ಅಲ್ಲಿ ಸೋತ ಯೆಹೂದ್ಯನು ಸಿಟ್ಟಿನಿಂದ ಕರಾರುಪತ್ರವನ್ನು ಹರಿದುಹಾಕುತ್ತಾನೆ, ಅಷ್ಟೆ. ದೀಕ್ಷಾಸ್ನಾನದ ಷರತ್ತು ಷೇಕ್ಸ್‌ಪಿಯರ್ ಸೇರಿಸಿದ್ದು. ಆ ಕಾಲದ ಪ್ರೇಕ್ಷಕರಲ್ಲಿ ಹಲವರು ಅದನ್ನು ಶೈಲಾಕನ ಆತ್ಮಕ್ಕೆ ದೊರೆತ ದೊಡ್ಡ ಉಪಕಾರವೆಂದೇ ತಿಳಿದಿರಬಹುದು. ನಾಟಕದೊಳಗೆ ಗ್ರಾಷಿಯಾನೊ ಮಾತ್ರ ಆ ಮುಸುಕನ್ನೂ ಉಳಿಸುವುದಿಲ್ಲ. ದೀಕ್ಷಾಸ್ನಾನದಲ್ಲಿ ನಿನಗೆ ಇಬ್ಬರು ಜ್ಞಾನತಂದೆಯರು ಇರುತ್ತಾರೆ, ನಾನು ನ್ಯಾಯಾಧೀಶನಾಗಿದ್ದರೆ ಇನ್ನೂ ಹತ್ತು ಮಂದಿಯನ್ನು ಸೇರಿಸಿ ನೇಣುಗಂಬಕ್ಕೆ ಕಳುಹಿಸುತ್ತಿದ್ದೆ ಎಂಬರ್ಥದಲ್ಲಿ ಅವನು ಹಾಸ್ಯ ಮಾಡುತ್ತಾನೆ. ಹನ್ನೆರಡು ಮಂದಿಯ ನ್ಯಾಯಮಂಡಲಿಯ ಪ್ರಸ್ತಾಪ ಅದು.

ಮೇರಿ ಲ್ಯಾಂಬ್ ಈ ಜಾಗಕ್ಕೆ ಬಂದಾಗ ಏನು ಮಾಡಿದಳು? ಗ್ರಾಷಿಯಾನೊನ ಹಾಸ್ಯವನ್ನು ಬಿಟ್ಟಳು. ಜೆಸ್ಸಿಕಳ ಓಟವನ್ನು ಒಂದು ವಾಕ್ಯದಲ್ಲಿ ಮುಗಿಸಿದಳು. ಮತಾಂತರದ ಷರತ್ತನ್ನು ಅಂಟೋನಿಯೊನ ಬಾಯಿಂದ ತೆಗೆದು ಡ್ಯೂಕನ ಬಾಯಿಗೆ ಕೊಟ್ಟಳು, ಅದರ ರೂಪವನ್ನೂ ಬದಲಿಸಿದಳು: ಶೈಲಾಕನು ತನ್ನ ಕ್ರೌರ್ಯಕ್ಕೆ ಪಶ್ಚಾತ್ತಾಪಪಟ್ಟು ಕ್ರೈಸ್ತನಾದರೆ, ರಾಜ್ಯಕ್ಕೆ ಸೇರಬೇಕಾದ ಅರ್ಧ ಆಸ್ತಿಯ ದಂಡವನ್ನು ಬಿಟ್ಟುಕೊಡಲಾಗುವುದು. ಬಲವಂತ ಹೋಗಿ ಆಹ್ವಾನ ಬಂದಿತು. ‘ಪಶ್ಚಾತ್ತಾಪ’ವೆಂಬ, ಮೂಲದ ಷರತ್ತಿನಲ್ಲಿಲ್ಲದ ಮಾತು ಬಂದಿತು. ಒಳ್ಳೆಯ ಮನಸ್ಸಿನ ತಿದ್ದುಪಡಿಯೇ ಇದು. ಆದರೆ ಆ ತಿದ್ದುಪಡಿಯಿಂದ ಇನ್ನೊಂದು ವಿಪರೀತ ಹುಟ್ಟಿಕೊಂಡಿತು. ಈಗ ದೀಕ್ಷಾಸ್ನಾನಕ್ಕೆ ಬೆಲೆಯೊಂದು ನಿಗದಿಯಾಯಿತು: ಅರ್ಧ ಆಸ್ತಿ. ಷೇಕ್ಸ್‌ಪಿಯರನಲ್ಲಿ ಹೆದರಿಸಿ ಮಾಡಿಸುವುದನ್ನು ಮೇರಿಯ ಕಥೆಯಲ್ಲಿ ಹಣದ ಆಸೆ ತೋರಿಸಿ ಮಾಡಿಸಿದಂತಾಯಿತು. ಎರಡರಲ್ಲಿ ಯಾವುದು ಹೆಚ್ಚು ಹೀನವೆಂದು ಕೇಳಿದರೆ ಉತ್ತರ ಸುಲಭವಲ್ಲ. ಹೆದರಿಸಿದವನು ಕನಿಷ್ಠ ತಾನು ಏನು ಮಾಡುತ್ತಿದ್ದೇನೆಂಬುದನ್ನು ಬಚ್ಚಿಡುವುದಿಲ್ಲ.

ಈ ವಿಷಯದಲ್ಲಿ ನಮ್ಮ ಧರ್ಮಸಭೆಯ ಇತಿಹಾಸ ಷೇಕ್ಸ್‌ಪಿಯರನಿಗಿಂತ ಬಹಳ ಹಳೆಯದು. ಕ್ರಿ.ಶ. 633ರಲ್ಲಿ ಸಂತ ಇಸಿದೋರರ ಅಧ್ಯಕ್ಷತೆಯಲ್ಲಿ ಸ್ಪೇನಿನ ತೊಲೇದೊದಲ್ಲಿ ಸೇರಿದ ಸಭೆ, ಯೆಹೂದ್ಯರನ್ನು ಇನ್ನು ಮುಂದೆ ಬಲವಂತವಾಗಿ ವಿಶ್ವಾಸಕ್ಕೆ ತರಬಾರದೆಂದು ವಿಧಿಸಿತು. ಆದರೆ ಹಿಂದೆ ಬಲವಂತದಿಂದ ದೀಕ್ಷೆ ಪಡೆದವರು ಕ್ರೈಸ್ತರಾಗಿಯೇ ಉಳಿಯಬೇಕೆಂದೂ ಅದೇ ಉಸಿರಿನಲ್ಲಿ ವಿಧಿಸಿತು, ಏಕೆಂದರೆ ಸಂಸ್ಕಾರವನ್ನು ಅಳಿಸಲಾಗದು. ಬಾಗಿಲನ್ನು ಯಾರೂ ಬಲಾತ್ಕಾರದಿಂದ ದಾಟಬಾರದು. ದಾಟಿಸಲ್ಪಟ್ಟವನು ಮಾತ್ರ ಹಿಂದಕ್ಕೆ ಹೋಗುವಂತಿಲ್ಲ. ಈ ಇಕ್ಕಟ್ಟಿನಲ್ಲಿ ಸಿಲುಕಿದವರ ಸಂಖ್ಯೆ ಶತಮಾನಗಳುದ್ದಕ್ಕೂ ಬೆಳೆಯಿತು. ಪೋರ್ತುಗಲ್ಲಿನಲ್ಲಿ 1497ರಲ್ಲಿ ಯೆಹೂದ್ಯರನ್ನು ಸಾಮೂಹಿಕವಾಗಿ ಬಲವಂತದ ದೀಕ್ಷೆಗೆ ಒಳಪಡಿಸಲಾಯಿತು. ಅವರ ಸಂತತಿಯವರಾದ ‘ಹೊಸ ಕ್ರೈಸ್ತ’ರನ್ನು ಸಂಶಯದ ಕಣ್ಣು ಬಿಡಲಿಲ್ಲ. ನಮ್ಮ ನೆರೆಯ ಗೋವೆಯಲ್ಲಿ 1560ರಲ್ಲಿ ಆರಂಭವಾದ ಮತವಿಚಾರಣಾ ನ್ಯಾಯಸ್ಥಾನವೂ ಮೊದಲು ಬೆನ್ನಟ್ಟಿದವರಲ್ಲಿ ಅವರಿದ್ದರು.

ಷೇಕ್ಸ್‌ಪಿಯರನ ಲಂಡನ್ನಿನಲ್ಲಿಯೇ ಅಂಥವನೊಬ್ಬನಿದ್ದನು. ಪೋರ್ತುಗಲ್ಲಿನ ಯೆಹೂದ್ಯ ಮೂಲದ ಕ್ರೈಸ್ತ, ರೊಡ್ರಿಗೊ ಲೋಪೆಜ್, ರಾಣಿ ಎಲಿಜಬೆತ್ತಳ ವೈದ್ಯ. ರಾಣಿಗೆ ವಿಷವಿಕ್ಕಲು ಸಂಚು ಹೂಡಿದನೆಂಬ ಆರೋಪದ ಮೇಲೆ 1594ರ ಜೂನ್ ತಿಂಗಳಲ್ಲಿ ಅವನನ್ನು ಗಲ್ಲಿಗೇರಿಸಿದರು. ತಾನು ಯೇಸುಕ್ರಿಸ್ತನನ್ನು ಪ್ರೀತಿಸುವಷ್ಟೇ ರಾಣಿಯನ್ನು ಪ್ರೀತಿಸುತ್ತೇನೆಂದು ಅವನು ನೇಣಿನ ಕೆಳಗೆ ನಿಂತು ಹೇಳಿದಾಗ ನೆರೆದಿದ್ದ ಜನ ನಕ್ಕರೆಂದು ಇತಿಹಾಸಕಾರ ಕ್ಯಾಮ್ಡನ್ ಬರೆದಿದ್ದಾನೆ. ಯೆಹೂದ್ಯ ಮೂಲದವನ ಬಾಯಲ್ಲಿ ಕ್ರಿಸ್ತನ ಹೆಸರು ಅವರಿಗೆ ಹಾಸ್ಯವಾಗಿ ಕೇಳಿಸಿತು. ಎರಡು ಮೂರು ವರ್ಷಗಳಲ್ಲಿ ‘ವೆನಿಸ್ಸಿನ ವರ್ತಕ’ ರಂಗಕ್ಕೆ ಬಂದಿತು. ಶೈಲಾಕನಿಗೆ ದೀಕ್ಷಾಸ್ನಾನವಾದ ಮೇಲೆ ಅವನ ಬಾಳು ಹೇಗಿದ್ದೀತೆಂದು ಕೇಳುವವರಿಗೆ ಲೋಪೆಜನ ಕಥೆಯಲ್ಲಿ ಅರ್ಧ ಉತ್ತರವಿದೆ. ಉಳಿದರ್ಧ ವೆನಿಸ್ಸಿನಲ್ಲಿದೆ. 1516ರಿಂದ ಅಲ್ಲಿಯ ಯೆಹೂದ್ಯರು ‘ಗೆತ್ತೊ’ ಎಂಬ, ರಾತ್ರಿ ಬಾಗಿಲು ಮುಚ್ಚುವ ಕೇರಿಯಲ್ಲಿ ವಾಸಿಸಬೇಕಾಗಿತ್ತು. ಕ್ರೈಸ್ತನಾದವನಿಗೆ ಆ ಕೇರಿಯಲ್ಲಿ ಸ್ಥಳವಿಲ್ಲ, ಬಡ್ಡಿ ವ್ಯವಹಾರವಿಲ್ಲ, ಹೆಂಡತಿ ಲೀಯಳ ಸಮಾಧಿಯ ಬಳಿ ತನ್ನ ಜನರೊಡನೆ ನಿಂತು ಪ್ರಾರ್ಥಿಸುವಂತಿಲ್ಲ. ಆಚೆಗೆ ಅವನನ್ನು ಎದುರುಗೊಳ್ಳುವವರು ಗ್ರಾಷಿಯಾನೊನಂಥವರು.

ಇವೆಲ್ಲ ನಾಟಕದ ಹೊರಗಿನ ಮಾತುಗಳೆಂದು ಯಾರಾದರೂ ಅಂದಾರು. ಆದರೆ ಷೇಕ್ಸ್‌ಪಿಯರನ ಕುರಿತಾದ ಪುಸ್ತಕಗಳನ್ನು ಓದುವುದರ ಪ್ರಯೋಜನ ಇಲ್ಲಿಯೇ ಇದೆ. ಜಾನ್ ಗ್ರಾಸ್ 1992ರಲ್ಲಿ ಶೈಲಾಕನ ಪಾತ್ರದ ಚರಿತ್ರೆಯನ್ನೇ ಒಂದು ಗ್ರಂಥವಾಗಿ ಬರೆದರು. ಜೇಮ್ಸ್ ಷಪೀರೊ 1996ರ ತಮ್ಮ ಗ್ರಂಥದಲ್ಲಿ, 1290ರಲ್ಲೇ ಯೆಹೂದ್ಯರನ್ನು ಹೊರದೂಡಿದ್ದ ಇಂಗ್ಲೆಂಡು ಅವರನ್ನು ಕುರಿತು ಎಷ್ಟೊಂದು ಕಲ್ಪನೆಗಳನ್ನು ಹೆಣೆದುಕೊಂಡಿತ್ತೆಂಬುದನ್ನು ತೋರಿಸಿದರು. ಇಂಥ ಪುಸ್ತಕಗಳನ್ನು ಓದಿದ ಮೇಲೆ ಐದನೆಯ ಅಂಕದ ಬೆಳದಿಂಗಳು ಮೊದಲಿನಷ್ಟು ತಂಪಾಗಿರುವುದಿಲ್ಲ. 1943ರಲ್ಲಿ, ವಿಯೆನ್ನಾದ ಯೆಹೂದ್ಯರನ್ನು ಸಾವಿನ ಶಿಬಿರಗಳಿಗೆ ಸಾಗಿಸಿದ ಮೇಲೆ, ಆ ನಗರದ ಬುರ್ಗ್ ರಂಗಮಂದಿರದಲ್ಲಿ ಈ ನಾಟಕವನ್ನು ಪ್ರೇಕ್ಷಕರು ನೋಡಿ ನಕ್ಕರೆಂಬುದೂ ಅದರ ಚರಿತ್ರೆಯ ಭಾಗವೇ.

ಆ ಬಳಿಕ ಶೈಲಾಕನಿಗೆ ನ್ಯಾಯ ಒದಗಿಸಲು ಅನೇಕರು ಹೊರಟದ್ದು ಸಹಜ. ಅವರಲ್ಲಿ ಮುಖ್ಯರಾದವರು ನಾಟಕಕಾರ ಆರ್ನಲ್ಡ್ ವೆಸ್ಕರ್. ಮಾಂಸ ಕೊಯ್ಯುವಂತಿಲ್ಲವೆಂಬ ತೀರ್ಪು ಬಂದಾಗ ನಿಜವಾದ ಶೈಲಾಕನಾಗಿದ್ದರೆ ‘ಸದ್ಯ, ದೇವರು ಕಾಪಾಡಿದ’ ಎನ್ನುತ್ತಿದ್ದನೆಂದು ಅವರಿಗೆ ಈ ನಾಟಕದ ಪ್ರಯೋಗವೊಂದನ್ನು ನೋಡುತ್ತಿದ್ದಾಗ ಹೊಳೆಯಿತಂತೆ. 1976ರಲ್ಲಿ ಮೊದಲ ಪ್ರಯೋಗ ಕಂಡ ಅವರ ‘ದಿ ಮರ್ಚೆಂಟ್’ ನಾಟಕದಲ್ಲಿ ಶೈಲಾಕನೂ ಅಂಟೋನಿಯೊನೂ ಆಪ್ತಮಿತ್ರರು. ಶೈಲಾಕನು ಪುಸ್ತಕಪ್ರೇಮಿ. ಕರಾರಿಲ್ಲದೆ ಯೆಹೂದ್ಯನೊಡನೆ ವ್ಯವಹರಿಸಕೂಡದೆಂಬ ಕಾನೂನನ್ನು ಅಣಕಿಸಲೆಂದೇ ಇಬ್ಬರೂ ನಗುತ್ತಾ ಮಾಂಸದ ಕರಾರಿಗೆ ಸಹಿ ಹಾಕುತ್ತಾರೆ. ಕೊನೆಗೆ ಆ ನಗೆಯೇ ಉರುಳಾಗುತ್ತದೆ; ಅವನ ಪುಸ್ತಕಗಳನ್ನೂ ರಾಜ್ಯ ಕಸಿದುಕೊಳ್ಳುತ್ತದೆ.

ನಾಟಕದ ಉದ್ದೇಶ ಉದಾತ್ತವಾದದ್ದು. ಆದರೂ ನನ್ನ ಅಭಿಪ್ರಾಯದಲ್ಲಿ ವೆಸ್ಕರ್ ಅವರು ಟೇಟನ ದಾರಿಯನ್ನೇ ಇನ್ನೊಂದು ತುದಿಯಿಂದ ತುಳಿದಿದ್ದಾರೆ. ಟೇಟ್ ಕಥೆಯಿಂದ ಸಾವನ್ನು ತೆಗೆದನು. ವೆಸ್ಕರ್ ಪಾಪವನ್ನು ತೆಗೆದರು. ಷೇಕ್ಸ್‌ಪಿಯರನ ಶೈಲಾಕನು ನ್ಯಾಯಸ್ಥಾನದಲ್ಲಿ ನಿಜವಾಗಿಯೂ ಚಾಕುವನ್ನು ಮಸೆಯುತ್ತಾನೆ, ನಿಜವಾಗಿಯೂ ಕೊಲ್ಲಲು ಬಯಸುತ್ತಾನೆ. ಉಗುಳಿಸಿಕೊಂಡವನು, ನಾಯಿಯೆನಿಸಿಕೊಂಡವನು, ಮಗಳನ್ನು ಕಳೆದುಕೊಂಡವನು ಹೌದು. ಕೈಯಲ್ಲಿ ಚಾಕು ಹಿಡಿದವನೂ ಹೌದು. ಅವನ ಕೈಯಿಂದ ಚಾಕುವನ್ನು ಕಸಿದು ಪುಸ್ತಕವನ್ನು ಇಟ್ಟರೆ ಅವನ ಮೇಲೆ ಮರುಕಪಡುವುದು ಎಲ್ಲರಿಗೂ ಸುಲಭ. ನಿರಪರಾಧಿಗೆ ಬೇಕಾದದ್ದು ನ್ಯಾಯ. ಕರುಣೆಯ ಪ್ರಶ್ನೆ ಏಳುವುದೇ ಅಪರಾಧಿಯ ಮುಂದೆ. ಚಾರ್ಲ್ಸ್ ಲ್ಯಾಂಬ್ ತನ್ನ ಅಕ್ಕನನ್ನು ಮನೆಗೆ ಕರೆತಂದದ್ದು ಆಕೆ ತಾಯಿಯನ್ನು ಕೊಲ್ಲಲೇ ಇಲ್ಲವೆಂಬ ಕಥೆ ಕಟ್ಟಿಕೊಂಡು ಅಲ್ಲ.

ವೆನಿಸ್ಸಿನ ಕ್ರೈಸ್ತರು ಸೋತದ್ದೂ ಇಲ್ಲಿಯೇ. ಕರುಣೆಯ ಕುರಿತು ಅಷ್ಟು ಸುಂದರವಾದ ಮಾತುಗಳನ್ನು ಕೇಳಿದ ಮೇಲೆ, ಅದೇ ಸಭಾಂಗಣದಲ್ಲಿ, ಅರ್ಧ ಗಂಟೆಯೂ ಕಳೆಯದೆ ಅವರು ಶೈಲಾಕನನ್ನು ಕಟ್ಟಿಹಾಕಿದರು. ಮತ್ತಾಯನ ಶುಭಸಂದೇಶದ ಹದಿನೆಂಟನೆಯ ಅಧ್ಯಾಯದಲ್ಲಿ ಅಪಾರ ಸಾಲದ ಮನ್ನಾ ಪಡೆದು ಹೊರಬಂದ ಸೇವಕನು ತನ್ನ ಜೊತೆಗಾರನ ಕತ್ತು ಹಿಸುಕುವುದಕ್ಕೆ ತೆಗೆದುಕೊ೦ಡದ್ದೂ ಹೆಚ್ಚು ಹೊತ್ತಲ್ಲ.

ಹೋವರ್ಡ್ ಜಾಕಬ್ಸನ್ ಅವರ ‘ಶೈಲಾಕ್ ಈಸ್ ಮೈ ನೇಮ್’ ಕಾದಂಬರಿ 2016ರಲ್ಲಿ, ಷೇಕ್ಸ್‌ಪಿಯರ್ ತೀರಿಕೊಂಡು ನಾನೂರು ವರ್ಷಗಳಾದ ಸಂದರ್ಭದಲ್ಲಿ ಹೊರಬಂದಿತು. ಇದರಲ್ಲಿ ಶೈಲಾಕನು ಸತ್ತಿಲ್ಲ, ಮುದುಕನಾಗಿಯೂ ಇಲ್ಲ. ಇಂದಿನ ಇಂಗ್ಲೆಂಡಿನ ಚೆಷರ್ ಪ್ರಾಂತದ ಸ್ಮಶಾನವೊಂದರಲ್ಲಿ ತನ್ನ ಲೀಯಳೊಡನೆ ಮಾತನಾಡುತ್ತಾ ಕುಳಿತಿದ್ದಾನೆ. ಮಗಳ ಚಿಂತೆಯಲ್ಲಿರುವ ಇನ್ನೊಬ್ಬ ಯೆಹೂದ್ಯ ತಂದೆ ಅವನನ್ನು ಮನೆಗೆ ಕರೆದೊಯ್ಯುತ್ತಾನೆ. ಕಾದಂಬರಿ ಅಲ್ಲಲ್ಲಿ ತೀರ ಮಾತಾಳಿ, ಕೆಲವು ಹಾಸ್ಯಗಳು ನಮ್ಮ ಓದುಗರಿಗೆ ಒರಟೆನಿಸಬಹುದು. ಆದರೆ ಲೇಖಕರು ಶೈಲಾಕನ ನಾಲಿಗೆಯ ಮೊನಚನ್ನು ಮೊಂಡು ಮಾಡಿಲ್ಲ. ಅವನು ಕ್ಷಮೆ ಬೇಡುವುದಿಲ್ಲ, ಮುದ್ದಾಗಲು ಒಪ್ಪುವುದಿಲ್ಲ. ಕೊನೆಯಲ್ಲಿ ಕರುಣೆಯ ಬಗ್ಗೆ ಮಾತನಾಡುವ ಸರದಿ ಅವನದಾಗುತ್ತದೆ. ಕ್ರೈಸ್ತರು ತಮ್ಮ ಸ್ವತ್ತೆಂದು ಭಾವಿಸಿದ್ದ ಆ ಗುಣವನ್ನು ಅವರು ಕಲಿತದ್ದು ಯಾರ ಧರ್ಮಶಾಸ್ತ್ರದಿಂದ ಎಂಬುದನ್ನು ಅವನು ನೆನಪಿಸುತ್ತಾನೆ. ಕೀರ್ತನೆಗಳನ್ನು ದಿನಾಲೂ ಪ್ರಾರ್ಥಿಸುವ ನಮಗೆ ಅದು ಗೊತ್ತಿರಬೇಕಾಗಿತ್ತು. ಯೆಹೂದ್ಯರೊಡನೆ ನಮಗಿರುವ ಈ ನಂಟನ್ನು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರಿನಲ್ಲಿ ಘೋಷಿಸಿತು. ವಿಶ್ವಾಸವನ್ನು ಯಾರ ಮೇಲೂ ಹೇರಕೂಡದೆಂದು ಅದೇ ಡಿಸೆಂಬರಿನಲ್ಲಿ ಸಾರಿತು. ಅಂದಿನಿಂದ ಶೈಲಾಕನ ದೀಕ್ಷಾಸ್ನಾನವನ್ನು ಸುಖಾಂತ್ಯವೆಂದು ಕರೆಯುವ ಸ್ವಾತಂತ್ರ್ಯ ನಮಗಿಲ್ಲ.

ಷೇಕ್ಸ್‌ಪಿಯರ್ ಬರೆಯದೆ ಬಿಟ್ಟ ಆ ಸಂಸ್ಕಾರವನ್ನು ಇತ್ತೀಚಿನ ಕೆಲವು ನಿರ್ದೇಶಕರು ರಂಗದ ಮೇಲೆಯೇ ತೋರಿಸಿದ್ದಾರೆ. ಲಂಡನ್ನಿನ ಗ್ಲೋಬ್ ರಂಗಮಂದಿರದಲ್ಲಿ 2015ರಲ್ಲಿ ಜೊನಾಥನ್ ಪ್ರೈಸ್ ಶೈಲಾಕನಾಗಿ ಅಭಿನಯಿಸಿದರು. ಜೆಸ್ಸಿಕಳ ಪಾತ್ರದಲ್ಲಿದ್ದವರು ಅವರ ಸ್ವಂತ ಮಗಳು ಫೀಬಿ. ಬೆಳದಿಂಗಳ ವಿನೋದಗಳೆಲ್ಲ ಮುಗಿದ ಮೇಲೆ ಶೈಲಾಕನನ್ನು ಕರೆತರುತ್ತಾರೆ. ಲತೀನಿನಲ್ಲಿ ಮಂತ್ರಗಳು ನಡೆಯುತ್ತವೆ, ತಲೆಯ ಮೇಲೆ ನೀರು ಬೀಳುತ್ತದೆ. ಇತ್ತ ಜೆಸ್ಸಿಕ ಹೀಬ್ರೂ ಭಾಷೆಯಲ್ಲಿ ರೋದಿಸುತ್ತಾ ಹಾಡುತ್ತಾಳೆ. ನಾವು ಪ್ರತಿ ಪಾಸ್ಕಜಾಗರಣೆಯ ರಾತ್ರಿ ಆನಂದದಿಂದ ಕೇಳುವ ಅದೇ ತ್ರ್ಯೇಕ ನಾಮ, ಅದೇ ನೀರು.

ಮೈಕಲ್ ರಾಡ್‌ಫರ್ಡ್ ಅವರ 2004ರ ಚಲನಚಿತ್ರದ ಕೊನೆಯೂ ಮಾತಿಲ್ಲದ್ದು. ಅಲ್ ಪಚಿನೊ ಅವರ ಶೈಲಾಕನು ಪ್ರಾರ್ಥನಾಮಂದಿರದ ಹೊರಗೆ ಒಂಟಿಯಾಗಿ ನಿಂತಿದ್ದಾನೆ. ಅವನ ಜನರು ಒಳಗೆ ಹೋಗುತ್ತಾರೆ, ಬಾಗಿಲು ಮುಚ್ಚುತ್ತದೆ. ಮೂಲ ನಾಟಕದಲ್ಲಿ ಶೈಲಾಕನ ಎದೆಗೆ ಎಲ್ಲಕ್ಕಿಂತ ಆಳವಾಗಿ ನಾಟಿದ ಸುದ್ದಿಯೊಂದಿತ್ತು: ಮದುವೆಗೆ ಮುಂಚೆ ಲೀಯ ಕೊಟ್ಟಿದ್ದ ಹಸಿರುನೀಲಿ ಕಲ್ಲಿನ ಉಂಗುರವನ್ನು ಮಗಳು ಕದ್ದೊಯ್ದು, ಒಂದು ಕೋತಿಗಾಗಿ ಮಾರಿದಳಂತೆ. ಆ ಸುದ್ದಿ ನಿಜವೇ ಎಂದು ನಾಟಕದಲ್ಲಿ ಯಾರೂ ವಿಚಾರಿಸುವುದಿಲ್ಲ. ಮೇರಿ ಲ್ಯಾಂಬ್ ಆ ಉಂಗುರದ ಪ್ರಸ್ತಾಪವನ್ನೇ ಎತ್ತಿರಲಿಲ್ಲ. ಚಿತ್ರದ ಕಡೆಯ ದೃಶ್ಯದಲ್ಲಿ ಬೆಳಗಿನ ಜಾವದ ನೀರಿನ ಅಂಚಿನಲ್ಲಿ ಜೆಸ್ಸಿಕ ನಿಂತು ತನ್ನ ಕೈಯನ್ನು ನೋಡಿಕೊಳ್ಳುತ್ತಾಳೆ. ಉಂಗುರ ಅವಳ ಬೆರಳಿನಲ್ಲೇ ಇದೆ.